ಗ್ರೂವರ್ ಡಬ್ಬ ಮತ್ತು ನಮ್ಮಪ್ಪನ ಬಕೆಟ್ಟು

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು ಬಂತು. ಅಮೆರಿಕದ ಅರಿಜೋನಾದಿಂದ ನನ್ನ ತಂಗಿ ಮಗಳು. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲನೇ ಹುಡುಗಿ ಅವಳು. "ಮಾಮ, ರಾಫ್ಟಿಂಗ್ ಮುಗಿಸ್ಕೊಂಡು ಬಂದೆ" ಅಂದಳು. ಒಂದು ವಾರ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ನದಿ ಮೇಲೆ ಇದ್ದು ಬಂದವಳು ಕುಣೀಬೇಕಿತ್ತು. ದನಿ ಸಪ್ಪಗಿತ್ತು.

"ಏನಾಯ್ತು ಮಗಾ, ದೋಣಿ ಮಗುಚ್ತಾ?" ಅಂದೆ.

"ಇಲ್ಲ ಮಾಮ. ದೋಣಿ ಸರಿಯಾಗೇ ಇತ್ತು. ನಾನೇ ಮಗುಚ್ಕೊಂಡೆ" ಅಂದಳು.

ಅವಳು ಹೇಳಿದ್ದನ್ನು ಇಲ್ಲಿ ಬರೀತಿದ್ದೀನಿ. ಅವಳ ಒಪ್ಪಿಗೆ ಪಡೆದೇ ಬರೀತಿದ್ದೀನಿ. ಉದ್ದ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಗ್ರ್ಯಾಂಡ್ ಕ್ಯಾನ್ಯನ್ ಅಂದರೆ ಮರುಭೂಮಿ ಸೀಮೆಯಲ್ಲಿ ಕೊಲೊರಾಡೊ ನದಿ ಕೊರೆದ ಕಣಿವೆ. ಉದ್ದ 277 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್. ಆಳ ಕೆಲವು ಕಡೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು. ಲೀಸ್ ಫೆರಿ ಅನ್ನೋ ಜಾಗದಲ್ಲಿ ರಬ್ಬರ್ ದೋಣಿ ಹತ್ತಿದರೆ ಆಮೇಲೆ ಎರಡೂ ಕಡೆ ಕಲ್ಲಿನ ಗೋಡೆ. ರಸ್ತೆ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಬೇಸಿಗೆಯಲ್ಲಿ ಮೇಲೆ 40 ಡಿಗ್ರಿ ದಾಟಿದ ಬಿಸಿಲು, ಕೆಳಗೆ ಕೈ ಇಟ್ಟರೆ ಮರಗಟ್ಟುವ ನೀರು. ಯಾಕಂದ್ರೆ ಆ ನೀರು ಮೇಲಿರುವ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಆಳದಿಂದ ಬರುತ್ತೆ. ಆ ಅಣೆಕಟ್ಟು 1963ರಿಂದ ನದಿಯನ್ನು ತಡೆದು ಬಿಡ್ತಾ ಇದೆ. ಅಲ್ಲಿನ ಭೋರ್ಗರೆಯುವ ಜಾಗಗಳಿಗೆ ಒಂದರಿಂದ ಹತ್ತರವರೆಗೆ ನಂಬರು. ಲಾವಾ ಫಾಲ್ಸ್ ಅನ್ನೋದು ದೊಡ್ಡ ನಂಬರಿನದು. ಅಲ್ಲಿ ದೋಣಿ ಎದ್ದು ಬಿದ್ದಾಗ "ಅಜ್ಜಿ ನೆನಪಾದ್ಲು ಮಾಮ" ಅಂದಳು.

ನೆನಪಾಗದೆ ಇನ್ನೇನು? ನಮ್ಮ ವಂಶದಲ್ಲೇ ಯಾರಿಗೂ ಈಜು ಬರಲ್ಲ. ಈಜು ಕಲಿಯೋಕೆ ಬಾವಿ ಬೇಕು, ಬಾವಿ ಅವರದು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವ್ದಾರ್ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿಯೋಕೆ ಸತ್ಯಾಗ್ರಹವನ್ನೇ ಮಾಡಬೇಕಾಯ್ತು. ಅಂಥವರ ಮೊಮ್ಮಗಳು ಲೈಫ್ ಜಾಕೆಟ್ ಬಿಗಿದುಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಒಂದು ನದಿಯ ನಟ್ಟನಡುವೆ ಕೂತಿದ್ದಳು. ಇಷ್ಟೇ ಆಗಿದ್ದಿದ್ರೆ ನಾನು ಫೋಟೋ ಹಾಕಿ ಜೈ ಭೀಮ್ ಅಂತ ಬರೆದು ಮುಗಿಸ್ತಿದ್ದೆ.

ಆದರೆ ಆ ನದಿಯಲ್ಲಿ ಒಂದು ಕಾನೂನಿದೆ. ಒಳಗೆ ತಗೊಂಡು ಹೋದದ್ದೆಲ್ಲ ಹೊರಗೆ ಬರಬೇಕು. ಊಟದ ಚೂರು, ಒಲೆಯ ಬೂದಿ, ಎಲ್ಲವೂ. ಮನುಷ್ಯರ ಮಲವೂ. ಮೂತ್ರ ಮಾತ್ರ ನದಿಗೇ ಬಿಡಬೇಕು. ಮಲವನ್ನು ಮಾತ್ರ ಬಿಗಿಯಾದ ಡಬ್ಬದಲ್ಲಿ ಮುಚ್ಚಿ, ದೋಣಿಯಲ್ಲೇ ಇಟ್ಟುಕೊಂಡು ಹೊರಗೆ ತರಬೇಕು. ಮೊದಲು ನದಿ ದಡದ ಮರಳಲ್ಲಿ ಹೂಳ್ತಿದ್ರಂತೆ. ಜನ ಜಾಸ್ತಿಯಾಗಿ ದಡವೆಲ್ಲ ಕೆಟ್ಟ ಮೇಲೆ ಈ ನಿಯಮ ಬಂತು.

ಆ ಡಬ್ಬಕ್ಕೆ ಗ್ರೂವರ್ ಅಂತಾರೆ. ಹಿಂದೆ ಮಿಲಿಟರಿಯ ಮದ್ದುಗುಂಡಿನ ತಗಡಿನ ಪೆಟ್ಟಿಗೆ ಮೇಲೆ ಹಾಗೇ ಕೂರ್ತಿದ್ರಂತೆ. ಅದರ ಅಂಚು ಒತ್ತಿ ಕುಂಡಿ ಮೇಲೆ ಎರಡು ಗೆರೆ ಮೂಡ್ತಿತ್ತು, ಅದಕ್ಕೆ ಆ ಹೆಸರು. ಈಗ ಮೇಲೆ ಸೀಟು ಇರುತ್ತೆ. ದೋಣಿ ನಡೆಸುವ ಗೈಡುಗಳೇ ಸಂಜೆ ಅದನ್ನು ಹೊತ್ತುಕೊಂಡು ಹೋಗಿ, ಇಡೀ ದಡದಲ್ಲಿ ಚೆಂದದ ನೋಟ ಎಲ್ಲಿ ಕಾಣುತ್ತೋ ಅಲ್ಲಿ ಇಡ್ತಾರೆ. ಪಕ್ಕದಲ್ಲಿ ಕೈ ತೊಳೆಯೋಕೆ ನೀರು, ಸೋಪು. ಬೆಳಿಗ್ಗೆ ಹೊರಡುವ ಮುಂಚೆ "ಕೊನೇ ಕರೆ" ಅಂತ ಕೂಗಿ, ಮುಚ್ಚಿ, ಕೈಗವಸು ಹಾಕ್ಕೊಂಡು ಹೊತ್ತು ತಂದು ದೋಣಿಗೆ ಕಟ್ತಾರೆ. ಇವಳ ದೋಣಿಯಲ್ಲಿ ಆ ಕೆಲಸ ಮಾಡ್ತಿದ್ದವಳು ಭೂವಿಜ್ಞಾನದಲ್ಲಿ ಡಿಗ್ರಿ ಮಾಡಿದ ಬಿಳಿ ಹುಡುಗಿ. ಡಬ್ಬ ಇಟ್ಟು ಬಂದು, ಕೈ ತೊಳ್ಕೊಂಡು, ಎಲ್ಲರಿಗೂ ಅಡುಗೆ ಮಾಡಿ ಬಡಿಸ್ತಿದ್ದಳು. ಎಲ್ಲರೂ ತಿಂತಿದ್ರು. ಯಾರೂ ಮುಖ ಸಿಂಡರಿಸಲಿಲ್ಲ, ಯಾರೂ ಅವಳ ಕುಲ ಕೇಳಲಿಲ್ಲ.

ಕೊನೆ ದಿನ ಡೈಮಂಡ್ ಕ್ರೀಕ್ ಅನ್ನೋ ಕಡೆ ದಡ ಸೇರಿದರು. ಸಾಮಾನು ಇಳಿಸೋಕೆ ಎಲ್ಲರೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸೋದು. ಚೀಲ ಬಂತು, ಕುರ್ಚಿ ಬಂತು, ಪಾತ್ರೆ ಬಂತು. ಆಮೇಲೆ ಆ ಡಬ್ಬ ಬಂತು. ಮುಚ್ಚಿದ, ಹೊರಗೆ ಒಂದು ಹನಿಯೂ ಇಲ್ಲದ, ವಾಸನೆಯೂ ಇಲ್ಲದ ಡಬ್ಬ. ಎಲ್ಲರೂ ನಗ್ತಾ ತಮಾಷೆ ಮಾಡ್ತಾ ದಾಟಿಸಿದರು. ಇವಳ ಸರದಿ ಬಂದಾಗ ಹಿಂದೆ ಸರಿದುಬಿಟ್ಟಳು. ಪಕ್ಕದವನು "ಪರವಾಗಿಲ್ಲ" ಅಂತ ಕೈ ಚಾಚಿ ತಗೊಂಡ. ಯಾರೂ ಗಮನಿಸಲೂ ಇಲ್ಲ.

"ನನ್ ಕೈ ಮುಂದಕ್ಕೆ ಹೋಗ್ಲೇ ಇಲ್ಲ ಮಾಮ. ತಾತನಿಗೆ ಅವಮಾನ ಮಾಡ್ದೆ ಅನ್ಸ್ತಿದೆ. ಮುಟ್ಟಿದ್ದಿದ್ರೆ ಅವಮಾನ ಆಗ್ತಿತ್ತಾ, ಮುಟ್ಟದೇ ಇದ್ದದ್ದಕ್ಕಾ? ನೀನೇ ಹೇಳು."

ನನಗೆ ತಕ್ಷಣ ಬಾಯಿ ಬರಲಿಲ್ಲ.

ಅವಳ ತಾತ ಅಂದರೆ ನಮ್ಮಪ್ಪ. ತಲೆ ಮೇಲೆ ಬಕೆಟ್ಟು ಹೊತ್ತವರು. ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗಲೇ, ಎಪ್ಪತ್ತರ ದಶಕದಲ್ಲಿ, ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸೋಕೆ ಆದೇಶ ಮಾಡಿದ್ದರು. ಆದೇಶ ನಮ್ಮೂರಿಗೆ ನಡ್ಕೊಂಡು ಬಂತು ಅಂತ ಕಾಣುತ್ತೆ. ನಾನು ಚಿಕ್ಕವನಿದ್ದಾಗಲೂ ಅಪ್ಪ ಹಿತ್ತಿಲ ಬಾಗಿಲಿಂದಲೇ ಕೆಲವು ಮನೆಗೆ ಹೋಗ್ತಿದ್ರು. ಮನೆಗೆ ಬಂದವರು ಕೆಂಪು ಸೋಪು ಹಚ್ಚಿ ಎರಡೆರಡು ಸಲ ಮೈ ತೊಳೀತಿದ್ರು. ಆದರೂ ನಮ್ಮನ್ನು ಎತ್ತಿಕೊಳ್ಳುವಾಗ ಕೈ ಮುಂದೆ ಮಾಡೋಕೆ ಹಿಂಜರೀತಿದ್ರು. ಆ ಹಿಂಜರಿಕೆಯೇ ಕ್ಯಾನ್ಯನ್ ದಡದಲ್ಲಿ ಮೊಮ್ಮಗಳ ಕೈಗೆ ಬಂದಿರಬೇಕು.

ಕಾಯ್ದೆಗಳು ಆಮೇಲೂ ಬಂದವು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನಲ್ಲಿ ನಮ್ಮ ಜನ ತಮ್ಮ ಮೈಗೆ ತಾವೇ ಮಲ ಸುರಿದುಕೊಂಡಾಗ ಮಾತ್ರ ನಾಡಿಗೆ ನಾವು ಕಂಡೆವು. ಮಲಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರದ ಮೊತ್ತ ಏರ್ತಾ ಇದೆ. ಗುಂಡಿಗೆ ಇಳಿಯುವವರ ಜಾತಿ ಬದಲಾಗಿಲ್ಲ.

ಹಾಗಂತ ಅಮೆರಿಕ ಸ್ವರ್ಗ ಅಂತ ಹೇಳ್ತಿಲ್ಲ. ಅದೇ ಕಣಿವೆಯಲ್ಲಿ ಹಾವಸುಪೈ ಅನ್ನೋ ಮೂಲನಿವಾಸಿಗಳು ಬದುಕಿದ್ದರು. 1882ರಲ್ಲಿ ಅವರನ್ನು ಬರೀ 518 ಎಕರೆಗೆ ಕಟ್ಟಿಹಾಕಿದರು. 1919ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯ್ತು. ತೋಟ ಮಾಡ್ಕೊಂಡಿದ್ದ ಜಾಗದಿಂದ ಅವರ ಕೊನೆಯ ಮನುಷ್ಯನನ್ನೂ 1928ರಲ್ಲಿ ಹೊರಗೆ ಹಾಕಿದರು. ದಶಕಗಳ ಹೋರಾಟದ ಮೇಲೆ 1975ರಲ್ಲಿ ಸುಮಾರು 1,85,000 ಎಕರೆ ವಾಪಸ್ ಸಿಕ್ಕಿತು. ಆ ತೋಟದ ಜಾಗಕ್ಕೆ ಅವರ ಹೆಸರು ಬರೋಕೆ 2022ರವರೆಗೆ ಕಾಯಬೇಕಾಯ್ತು. ಇವಳು ದಡ ಸೇರಿದ ಡೈಮಂಡ್ ಕ್ರೀಕ್ ಕೂಡ ವಾಲಾಪೈ ಜನಾಂಗದ ನೆಲ. ಅವರದೇ ರಾಫ್ಟಿಂಗ್ ಕಂಪನಿ ಇದೆ. ಅವರ ನೆಲದ ಮೇಲೆ ಹಾಯಲು ದೋಣಿಯವರು ಅವರಿಗೆ ಶುಲ್ಕ ಕಟ್ಟಬೇಕು. ಅದನ್ನು ಕೇಳಿ ನನಗೆ ಸಮಾಧಾನ ಆಯ್ತು. ತುಳಿದ ನೆಲಕ್ಕೆ ಬಾಡಿಗೆ ಕೊಡಿಸಿಕೊಳ್ಳೋದೂ ಹೋರಾಟವೇ.

ಮಗಳಿಗೆ ಫೋನಲ್ಲಿ ಹೇಳೋಕೆ ಆಗದ್ದನ್ನು ಈಗ ಹೇಳ್ತೀನಿ. ನೀನು ಹಿಂದೆ ಸರಿದದ್ದು ತಪ್ಪಲ್ಲ ಮಗಾ. ಆ ಗೈಡ್ ಹುಡುಗಿ ಡಬ್ಬ ಹೊತ್ತದ್ದರಲ್ಲಿ ದೊಡ್ಡಸ್ತಿಕೆ ಇರೋದು ಯಾಕೆ ಗೊತ್ತಾ? ನಾಳೆ ಅವಳು ಆ ಕೆಲಸ ಬಿಟ್ಟು ಬೇರೇದಕ್ಕೆ ಹೋಗಬಹುದು. ಅವಳ ಮಗಳು ಆ ಡಬ್ಬ ಹೊರಲೇಬೇಕು ಅಂತ ಯಾವ ಶಾಸ್ತ್ರವೂ ಬರೆದಿಲ್ಲ. ನಿನ್ನ ತಾತನಿಗೆ ಹಿಂದೆ ಸರಿಯೋಕೆ ಜಾಗವೇ ಇರಲಿಲ್ಲ. ನಿನಗೆ ಆ ಒಂದು ಹೆಜ್ಜೆ ಜಾಗ ಸಿಗಲಿ ಅಂತಲೇ ಅವರು ನಮ್ಮನ್ನು ಓದಿಸಿದ್ದು. ಮುಂದೊಂದು ದಿನ ನಗ್ತಾ ಆ ಡಬ್ಬ ದಾಟಿಸಬೇಕು ಅನ್ನಿಸಿದರೆ ದಾಟಿಸು. ಅನ್ನಿಸದಿದ್ದರೆ ಬೇಡ. ತಾತನಿಗೆ ಅವಮಾನ ಆಗಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಲೈಕ್ ಚೆನ್ನಾಗಿ ಬರ್ತಿತ್ತು. ಆದರೆ ಅವಮಾನ ಮಾಡಿದವನು ಬೇರೆ ಇದ್ದಾನೆ.

ಹೋದ ತಿಂಗಳು ನಮ್ಮ ಕಚೇರಿಯ ಶೌಚಾಲಯದ ಗುಂಡಿ ತುಂಬಿತು. ಟಿಪ್ಪಣಿ ಬರೆದವನು ಗುಮಾಸ್ತನಾದ ನಾನೇ. "ಕೂಡಲೇ ಸ್ವಚ್ಛಗೊಳಿಸಲು ಕ್ರಮ ವಹಿಸುವುದು." ಯಾರಿಂದ, ಹೇಗೆ ಅಂತ ಬರೀಲಿಲ್ಲ. ಮಷಿನ್ ಬರಲಿಲ್ಲ. ಗುತ್ತಿಗೆದಾರ ಇಬ್ಬರು ಹುಡುಗರನ್ನು ಕಳಿಸಿದ. ಬರಿಗೈ, ಬರಿಗಾಲು. ಒಬ್ಬ ಸೊಂಟದವರೆಗೆ ಇಳಿದ. ನಾನು ಕಿಟಕಿಯಿಂದ ನೋಡಿದೆ. ಬಾಬಾಸಾಹೇಬರ ಜಯಂತಿಗೆ ಮೈಕ್ ಹಿಡಿಯುವ ಇದೇ ನಾನು, ಸಾಹೇಬರ ಮುಂದೆ ಬಾಯಿ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಆ ಹುಡುಗನ ಕೈಗೆ ಟೀ ಖರ್ಚಿಗೆ ಅಂತ ಐವತ್ತು ರೂಪಾಯಿ ಇಟ್ಟೆ. ಅವನು ಕೈ ಮುಂದೆ ಮಾಡೋಕೆ ಹಿಂಜರಿದ. ಥೇಟ್ ನಮ್ಮಪ್ಪನ ಹಾಗೆ. ಆಮೇಲೆ ಬಿಲ್ಲನ್ನೂ ನಾನೇ ಮಂಡಿಸಿದೆ.

2013ರ ಕಾಯ್ದೆಯ ಏಳನೇ ಕಲಂ ಅದನ್ನು ಅಪರಾಧ ಅನ್ನುತ್ತೆ. ಆ ಕಲಂ ನನಗೆ ಬಾಯಿಪಾಠ ಇದೆ.

ಮೊನ್ನೆ ಸೋಮವಾರ ಇನ್ನೊಂದು ಟಿಪ್ಪಣಿ ಬರೆದು ಸಾಹೇಬರ ಟೇಬಲ್ಲಿಗೆ ಇಟ್ಟಿದ್ದೀನಿ. ಇನ್ನು ಮುಂದೆ ಗುಂಡಿ ಕೆಲಸ ಸಕ್ಕಿಂಗ್ ಮಷಿನ್‌ನಿಂದ ಮಾತ್ರ, ಮನುಷ್ಯರನ್ನು ಇಳಿಸಿದ ಕೆಲಸದ ಬಿಲ್ ನಾನು ಮಂಡಿಸುವುದಿಲ್ಲ, ಹಿಂದಿನ ಸಲ ನಡೆದದ್ದು ಹೀಗೆ ಅಂತ. ನನ್ನ ಹೆಸರು, ಸಹಿ, ತಾರೀಖು ಹಾಕಿದ್ದೀನಿ. ಫೈಲು ಇನ್ನೂ ಕೆಳಗೆ ಬಂದಿಲ್ಲ. ನನಗೆ ನೋಟಿಸ್ ಬಂದರೂ ಬರಬಹುದು. ಬಂದರೆ ಇಲ್ಲೇ ಹಾಕ್ತೀನಿ.

ಗೆಳೆಯರೇ, ನಿಮ್ಮ ಕಚೇರಿ, ಶಾಲೆ, ಹಾಸ್ಟೆಲ್ ಗುಂಡಿ ತುಂಬಿದಾಗ ಯಾರು ಇಳಿದರು ಅಂತ ಒಂದು ಸಲ ನೋಡಿ. ಟಿಪ್ಪಣಿ ಬರೆದವರು ನಮ್ಮವರೇ ಇದ್ದರೆ ಅವರನ್ನೂ ಕೇಳಿ. ನನ್ನನ್ನೂ ಕೇಳಿ.

ಜೈ ಭೀಮ್.