ತೆರೆಯೊಳಗಿನ ಚಿನ್ನ

2022ರ ಏಪ್ರಿಲ್ ತಿಂಗಳು. 'ಕೆಜಿಎಫ್' ಚಲನಚಿತ್ರದ ಎರಡನೆಯ ಭಾಗ ತೆರೆ ಕಾಣುವುದರಲ್ಲಿತ್ತು. ರಜೆಗೆಂದು ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು, "ತಾತ, ಕೆಜಿಎಫ್‌ವರ್ಸ್‌ನಲ್ಲಿ ಒಂದು ಟೋಕನ್ ಕೊಡಿಸುತ್ತೀರಾ?" ಎಂದು ಕೇಳಿದ. ಚಿತ್ರವನ್ನು ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯು ಅದರ ಜಗತ್ತನ್ನೇ ಅಂತರ್ಜಾಲದ ಆಟವಾಗಿ ಕಟ್ಟಲು ಹೊರಟಿತ್ತು. ಚಿತ್ರದ ಕೆಜಿಎಫ್ ನಾವು ಬಲ್ಲ ಊರಲ್ಲ, ಆ ಮಾತು ಬೇರೆ. ನಾನು ವಾಣಿಜ್ಯ ಪದವೀಧರ, "ಇದನ್ನು ಯಾವ ಖಾತೆಗೆ ಬರೆಯಲಪ್ಪ?" ಎಂದೆ. ಹುಡುಗ ನಕ್ಕ. ಅವನ ತಂದೆ ನಗಲಿಲ್ಲ.

ನನ್ನ ಮಗನು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ 'ದಿ ಮೇಟ್ರಿಕ್ಸ್ ಆನ್‌ಲೈನ್' ಎಂಬ ಆಟಕ್ಕೆ ಪ್ರತಿ ತಿಂಗಳೂ ಚಂದಾ ತೆರುತ್ತಿದ್ದನಂತೆ. 1999ರ 'ದಿ ಮೇಟ್ರಿಕ್ಸ್' ಮತ್ತು 2003ರಲ್ಲಿ ಬಂದ ಅದರ ಎರಡು ಮುಂದಿನ ಭಾಗಗಳ ಕಥೆಯನ್ನು ಆ ಆಟ ಮುಂದುವರಿಸುತ್ತಿತ್ತು. ಯಂತ್ರಗಳು ಹೆಣೆದ ಕನಸನ್ನೇ ಮನುಷ್ಯರು ಜಗತ್ತೆಂದು ನಂಬಿ ಬಾಳುವ ಕಥೆ ಅದು. ಆಡುವವರು ಜಿಯಾನ್ ನಗರದವರ ಪಕ್ಷ, ಯಂತ್ರಗಳ ಪಕ್ಷ, ಮೆರೊವಿಂಜಿಯನ್ ಎಂಬವನ ಪಕ್ಷ, ಇವುಗಳಲ್ಲಿ ಒಂದನ್ನು ಸೇರಿ ಕಾದಬೇಕು. 2005ರ ಮಾರ್ಚ್‌ನಲ್ಲಿ ಆರಂಭವಾದ ಆಟವನ್ನು 2009ರ ಜುಲೈ 31ರಂದು ಮುಚ್ಚಿದರು. ವರ್ಷಗಟ್ಟಲೆ ಗಳಿಸಿದ ಅಂಗಿ, ಆಯುಧ, ಪದವಿ ಎಲ್ಲವೂ ಅಂದೇ ಇಲ್ಲವಾದವು. "ಎರಡು ದಿನ ಊಟ ಸೇರಲಿಲ್ಲ ಅಪ್ಪಾ" ಎಂದು ಹದಿಮೂರು ವರ್ಷಗಳ ಬಳಿಕ ಮಗ ಹೇಳಿದ. ಭ್ರಮೆಯಿಂದ ಎಚ್ಚರಗೊಳ್ಳುವುದೇ ಆ ಕಥೆಯ ಸಾರವಾಗಿರುವಾಗ, ಆಡಿದವರು ಆ ಭ್ರಮೆಗೇ ಅಂಟಿಕೊಂಡದ್ದು ಸೋಜಿಗವಲ್ಲವೇ?

ನನಗೆ ಉಪದೇಶಕ್ಕೆ ಅವಕಾಶ ಸಿಕ್ಕಿತು. 13ನೆಯ ಶತಮಾನದ ಜನ್ನಕವಿಯ 'ಯಶೋಧರ ಚರಿತೆ'ಯನ್ನು ಹುಡುಗನಿಗೆ ಹೇಳಿದೆ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೋಳಿ ನಿಜವಲ್ಲ, ಕಡಿಯುವ ಸಂಕಲ್ಪ ನಿಜ. ಆದ್ದರಿಂದ ತಾಯಿ ಮಗ ಇಬ್ಬರೂ ನವಿಲಾಗಿ ನಾಯಿಯಾಗಿ ಜನ್ಮ ಜನ್ಮಾಂತರ ತೊಳಲಿದರು. ಆಟದ ಕೊಲೆಗೂ ಇದೇ ನ್ಯಾಯ ಎಂದೆ. ಚಿನ್ನದ ವಿಷಯದಲ್ಲಿಯೂ ಅಷ್ಟೇ. ಆಚಾರ್ಯ ಉಮಾಸ್ವಾತಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸಲಿಲ್ಲ, 'ನನ್ನದು' ಎಂಬ ಮೂರ್ಛೆಯಲ್ಲಿ ಗುರುತಿಸಿದರು. ವಸ್ತುವೇ ಇಲ್ಲದ ಟೋಕನಿನಲ್ಲಿ ಉಳಿಯುವುದು ಆ ಮೂರ್ಛೆ ಮಾತ್ರ.

ಹುಡುಗ ಸುಮ್ಮನೆ ಕೇಳಿ, "ತಾತ, ತಿಜೋರಿಯಲ್ಲಿರುವ ಆ ಕೆಂಪು ಕಲ್ಲಿನ ಓಲೆ ಯಾರದು?" ಎಂದ. ದೀಪಾವಳಿಯ ಪೂಜೆಯಲ್ಲಿ ಅದನ್ನು ಕಂಡಿದ್ದ.

ನನ್ನ ಗಿರವಿ ಅಂಗಡಿ ರಾಬರ್ಟ್‌ಸನ್‌ಪೇಟೆಯಲ್ಲಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷ ಭೂಗರ್ಭದಿಂದ ಚಿನ್ನ ತೆಗೆದವರ ಸಂತತಿ, ಮೈಮೇಲಿದ್ದ ಗುಂಜಿ ಚಿನ್ನವನ್ನು ಕಳಚಿ ನನ್ನ ಮುಂದೆ ಇಡತೊಡಗಿತು. ವಾಯಿದೆ ಮೀರಿದವುಗಳಿಗೆ ನೋಟೀಸು ಕೊಟ್ಟು, ಕಾನೂನಿನಂತೆ ಹರಾಜು ಹಾಕಿಸಿದೆ. ಖಾತೆಯಲ್ಲಿ ನನಗೆ ಕಾಣುತ್ತಿದ್ದುದು ಹೆಸರು, ತೂಕ, ಮೊತ್ತ, ಕಿವಿ ಕಾಣುತ್ತಿರಲಿಲ್ಲ. ಆ ಓಲೆ ಅಂದವಾಗಿತ್ತು, ನಾನೇ ಕೂಗಿ ಇಟ್ಟುಕೊಂಡೆ. ಧರಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಇಪ್ಪತ್ತು ವರ್ಷ ಅದು ತಿಜೋರಿ ಬಿಟ್ಟು ಕದಲಲಿಲ್ಲ.

ಟೋಕನ್ ಕೊಡಿಸಲಿಲ್ಲ. ಹಳೆಯ ಖಾತೆ ತೆಗೆದು ವಿಳಾಸ ನೋಡಿ, ಮರುದಿನ ಮೊಮ್ಮಗನೊಡನೆ ಚಾಂಪಿಯನ್ ರೀಫ್‌ನ ಲೈನ್ ಮನೆಗೆ ಹೋದೆ. ಓಲೆಯ ಒಡತಿ ತೀರಿಕೊಂಡಿದ್ದರು. ಮಗ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾನೆಂದು ನೆರೆಯವರು ಹೇಳಿದರು. ಭಾನುವಾರ ಮತ್ತೆ ಹೋಗಿ ಓಲೆಯನ್ನು ಅವನ ಕೈಗಿಟ್ಟೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ, "ಬಡ್ಡಿ ಎಷ್ಟಾಗಿದೆ ಸೇಠ್?" ಎಂದು ಕೇಳಿದ.