ಗಂಟಿನೊಡನೆ ಹುಟ್ಟುವ ಯಾದಿ

2023ರ ಮಾಘ ಮಾಸದಲ್ಲಿ ಧಾರವಾಡದ ನಮ್ಮ ತಂಗಿಯ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿದ್ದಿತು. ಕೂಸಿನ ತಂದೆ, ನಮ್ಮ ಸೋದರಳಿಯ, ಬೆಂಗಳೂರಿನ ಸಂಸ್ಥೆಯೊಂದರಲ್ಲಿ ತಂತ್ರಾಂಶದ ಕೆಲಸ ಮಾಡುವವನು. ಮುತ್ತೈದೆಯರು ಬಂದು ಕುಳಿತು, ಹೆಸರಿಡುವ ಹೊತ್ತು ಸಮೀಪಿಸಿದರೂ ಅವನು ಮಾಳಿಗೆಯ ಕೋಣೆಯಲ್ಲಿ ಗಣಕಯಂತ್ರದ ಮುಂದೆಯೇ ಇದ್ದನು. ಕರೆಯಲು ಹೋದ ನಾವು ಎರಡು ಕಟುಮಾತುಗಳನ್ನೂ ಆಡಿದೆವು. ಅವನು ತಲೆಯೆತ್ತದೆ, “ಮಾಮಾ, ಯಾದಿ ಒಂದ ಹೇಳತೈತಿ, ಗಂಟು ಇನ್ನೊಂದ ಹೇಳತೈತಿ. ಸರ್ವರ್ ಚಾಲೂನ ಆಗವಲ್ದು” ಎಂದನು. ಕೆಳಗಿಳಿದು ಬಂದು ಮಗನ ಕಿವಿಯಲ್ಲಿ ಹೆಸರು ಹೇಳಿದವನೇ ಮತ್ತೆ ಮೇಲೆ ಹೋದನು. ತಂಗಿ ಕಣ್ಣೀರು ಒರೆಸಿಕೊಂಡಳು.

ಯಾದಿ, ಗಂಟು ಎಂಬ ಆ ಎರಡು ಮಾತುಗಳು ಮಾತ್ರ ನಮ್ಮನ್ನು ಬಿಡಲಿಲ್ಲ. ಊಟವಾದ ಮೇಲೆ ಮೇಲೆ ಹೋಗಿ ಅವನ ಪಕ್ಕದಲ್ಲಿ ಕುಳಿತೆವು. ಅಂದು ರಾತ್ರಿ ಅವನು ತಿಳಿಸಿಕೊಟ್ಟುದನ್ನು, ನಮಗೆ ತಿಳಿದಷ್ಟರ ಮಟ್ಟಿಗೆ, ಇಲ್ಲಿ ನಿವೇದಿಸುತ್ತೇವೆ. ತಂತ್ರಾಂಶದಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಈಗ ಬಹಳವಾಗಿವೆ. ಅವರು ರಾತ್ರಿಯೆಲ್ಲ ಏನನ್ನು ಹುಡುಕುತ್ತಾರೆಂಬುದು ಹಿರಿಯರಿಗೂ ಸ್ವಲ್ಪ ತಿಳಿದಿರಲಿ.

ಜಾವಾ ಎಂಬ ಗಣಕಭಾಷೆಯಲ್ಲಿ ಬರೆದ ದೊಡ್ಡ ತಂತ್ರಾಂಶವನ್ನು ಒಂದೇ ಮುದ್ದೆಯಾಗಿ ಕಟ್ಟದೆ ನೂರಾರು ಬಿಡಿ ಭಾಗಗಳಾಗಿ ಕಟ್ಟುವ ಪದ್ಧತಿಯೊಂದುಂಟು. ಅದಕ್ಕೆ ಓಎಸ್‌ಜಿಐ ಎಂದು ಹೆಸರು. ಅದರ ನಿಯಮಗಳನ್ನು ರಚಿಸಿದ ಕೂಟವು 1999ರಲ್ಲಿ ಸ್ಥಾಪಿತವಾಯಿತು. ಬಿಡಿ ಭಾಗವನ್ನು ಅವರು ಬಂಡಲ್, ಎಂದರೆ ಗಂಟು, ಎನ್ನುತ್ತಾರೆ. ಪ್ರತಿಯೊಂದು ಗಂಟಿನೊಳಗೂ ಮ್ಯಾನಿಫೆಸ್ಟ್ ಎಂಬ ಚೀಟಿಯಿರುತ್ತದೆ. ಈ ಗಂಟಿನ ಹೆಸರೇನು, ಆವೃತ್ತಿ ಯಾವುದು, ಇತರರಿಗೆ ಇದು ಏನನ್ನು ಕೊಡಬಲ್ಲುದು, ತಾನು ನಡೆಯಲು ಇತರರಿಂದ ಇದಕ್ಕೆ ಏನು ಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಗಂಟುಗಳನ್ನಿಡುವ ಭಂಡಾರಕ್ಕೆ ಒಂದು ಯಾದಿ ಬೇಕು. ಎಲ್ಲ ಚೀಟಿಗಳ ಸಾರ, ಗಂಟು ದೊರೆಯುವ ವಿಳಾಸ, ಅದರ ಗಾತ್ರ ಮತ್ತು ಒಂದು ಮುದ್ರೆ, ಇವು ಯಾದಿಯಲ್ಲಿರುತ್ತವೆ. ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಬರುವ 64 ಅಕ್ಷರಗಳ ಸಾಲೇ ಆ ಮುದ್ರೆ. ಗಂಟಿನೊಳಗೆ ಎಳ್ಳಷ್ಟು ವ್ಯತ್ಯಾಸವಾದರೂ ಸಾಲು ಬೇರೆಯಾಗುತ್ತದೆ. ಇಂತಹ ಯಾದಿಯ ರೂಪವನ್ನು 2012ರಲ್ಲಿ ನಿಯಮವಾಗಿ ಗೊತ್ತುಪಡಿಸಿದರು.

ಯಾವ ಗಂಟಿಗೆ ಯಾವುದು ಜೊತೆಯಾಗಬೇಕೆಂದು ನಿರ್ಣಯಿಸುವ ಯಂತ್ರವು ಗಂಟುಗಳನ್ನು ಬಿಚ್ಚಿ ನೋಡುವುದಿಲ್ಲ; ಯಾದಿಯನ್ನೇ ನಂಬುತ್ತದೆ. ಅವರ ಸಂಸ್ಥೆಯಲ್ಲಿ ಯಾದಿಯನ್ನು ಕೈಯಿಂದ ಬರೆಯುವ ರೂಢಿಯಿತ್ತಂತೆ. ಒಬ್ಬರು ಗಂಟೊಂದನ್ನು 1.4ರಿಂದ 2.0ಕ್ಕೆ ಬದಲಿಸಿ ಅದೇ ಜಾಗದಲ್ಲಿಟ್ಟರು, ಯಾದಿಯಲ್ಲಿ 1.4 ಎಂದೇ ಉಳಿಯಿತು. ಮುದ್ರೆಯನ್ನು ತಾಳೆ ನೋಡುವ ಕ್ರಮವನ್ನು ತಡವಾಗುತ್ತದೆಂದು ಮೊದಲೇ ಕೈಬಿಟ್ಟಿದ್ದರು. “1.4 ಅಥವಾ ಮೇಲಿನದು ಬೇಕು, ಆದರೆ 2 ಕೂಡದು” ಎಂದು ಕೇಳಿದ ಗಂಟುಗಳಿಗೆ ಯಂತ್ರವು ಇದನ್ನೇ ಆರಿಸಿ ತಂದಿತು. ತಂದು ಬಿಚ್ಚಿದಾಗ ಒಳಗಿನ ಚೀಟಿ ಒಪ್ಪಲಿಲ್ಲ. ತಪ್ಪಾದ ಒಂದು ಅಂಕೆಯನ್ನು ಹುಡುಕುವುದರಲ್ಲಿ ಅಳಿಯನಿಗೆ ರಾತ್ರಿ ಎರಡು ಗಂಟೆಯಾಯಿತು.

ಅವನನ್ನು ಗದರಿಸಿದ ನಾವೇನು ಶುದ್ಧರೆ? ವಿದ್ಯಾರ್ಥಿದೆಸೆಯಲ್ಲಿ ಮಠದ ಓಲೆಗರಿಯ ಕಟ್ಟುಗಳಿಗೆ ಯಾದಿ ಮಾಡುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ಹಗಲು ಕಟ್ಟುಗಳನ್ನು ಬಿಚ್ಚಿ ಒರೆಸಿ ಕಟ್ಟಿಡುವುದು; ಸಂಜೆ ಲಾಟೀನಿನ ಬೆಳಕಿನಲ್ಲಿ ನೆನಪಿನಿಂದ ಬರೆಯುವುದು. ಎರಡು ಕಟ್ಟುಗಳ ಹೆಸರುಗಳು ಅದಲುಬದಲಾದವು. ವರ್ಷಗಳ ಮೇಲೆ ದೂರದಿಂದ ಬಂದ ವೃದ್ಧ ವಿದ್ವಾಂಸರೊಬ್ಬರು ನಮ್ಮ ಯಾದಿಯನ್ನು ನಂಬಿ ಕಟ್ಟು ತೆರೆಸಿ, ಬೇಡದ ಗ್ರಂಥವನ್ನು ಕಂಡು, ಒಂದು ಮಾತನ್ನೂ ಆಡದೆ ಹೊರಟುಹೋದರು. ಅವರಿಗೆ ಬೇಕಾಗಿದ್ದುದು ಪಕ್ಕದ ಹಲಗೆಯ ಮೇಲೆಯೇ ಇದ್ದಿತು. ಅದು ನಮಗೆ ತಿಳಿದದ್ದು ಮರುವಾರ.

ಅದೇ ವರ್ಷ ದೀಪಾವಳಿಗೆ ಬಂದಾಗ ಅಳಿಯನ ಮುಖ ಗೆಲುವಾಗಿತ್ತು. ಕೈಬರಹದ ಯಾದಿಯನ್ನು ಅವರು ಬಿಟ್ಟಿದ್ದರು. ಪೀಟರ್ ಕ್ರೀನ್ಸ್ ಎಂಬವರು ರಚಿಸಿದ ಬಿಎನ್‌ಡಿ ಎಂಬ ಸಾಧನವಿದೆಯಂತೆ. ತಂತ್ರಾಂಶವನ್ನು ಕಟ್ಟುವ ಹೊತ್ತಿನಲ್ಲಿಯೇ ಅದು ಸಂಕಲಿತ ಕಡತಗಳನ್ನು ಓದಿ, ಈ ಗಂಟು ಯಾರ ಯಾರ ಸಹಾಯವನ್ನು ಬೇಡುತ್ತದೆಂದು ತಾನೇ ಕಂಡುಕೊಂಡು ಚೀಟಿ ಬರೆಯುತ್ತದೆ. ಬಳಿಕ ಅದರದೇ ಇನ್ನೊಂದು ಅಂಗವು ಸಿದ್ಧವಾದ ಗಂಟುಗಳನ್ನು ಓದಿ ಯಾದಿಯನ್ನು ಹೊರಡಿಸುತ್ತದೆ. ಕಟ್ಟಿದಾಗಲೆಲ್ಲ ಹೊಸ ಯಾದಿ, ನೆನಪಿನ ಹಂಗಿಲ್ಲ. ಇದನ್ನು ಕೇಳಿ ನಮಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳಲೇಬೇಕು.

ಆದರೂ ಮೊದಲ ದಿನವೇ ಒಂದು ನಗೆಪಾಟಲಾಯಿತಂತೆ. ಯಾದಿಯಲ್ಲಿದ್ದ ವಿಳಾಸಗಳೆಲ್ಲ ಅವನ ಸ್ವಂತ ಯಂತ್ರದ ಕಪಾಟಿನವು. ಬೇರೆಯವರ ಯಂತ್ರದಲ್ಲಿ ಅಂತಹ ಕಪಾಟೇ ಇಲ್ಲ. ಸ್ಥಳೀಯ ವಿಳಾಸ ಕಂಡರೆ ಕೆಲಸವನ್ನೇ ನಿಲ್ಲಿಸು ಎಂದು ಆ ಸಾಧನಕ್ಕೆ ಅಪ್ಪಣೆ ಕೊಡಲು ಬರುತ್ತದೆ. ಅದನ್ನು ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು ತೊಡಕು ಹೀಗೆ ತೀರುವಂಥದಲ್ಲ. ಕೆಲವು ಭಾಗಗಳ ಹೆಸರು ಜಾವಾ ಬರಹದೊಳಗೆ ಇರುವುದೇ ಇಲ್ಲ. ಹೊರಗಿನ ಒಂದು ಕಡತದಲ್ಲಿದ್ದು, ತಂತ್ರಾಂಶ ಓಡುವಾಗ ಅಲ್ಲಿಂದ ಓದಿ ಕರೆಯುತ್ತಾರೆ. ಸಂಕಲಿತ ಕಡತವನ್ನು ಎಷ್ಟು ಜಾಲಾಡಿದರೂ ಅಂತಹ ಅಗತ್ಯವು ಸಾಧನಕ್ಕೆ ಸಾಮಾನ್ಯವಾಗಿ ಕಾಣದು. ಅದನ್ನು ತಿಳಿದವರೇ ಬರೆದುಕೊಡಬೇಕು.

“ಅಂಥಾವು ನಮ್ಮಲ್ಲಿ ಎರಡ ಸಾಲು ಅದಾವು ಮಾಮಾ. ನಾನ ಬರದೇನಿ” ಎಂದನು.

“ನೀನು ಆ ಕೆಲಸ ಬಿಟ್ಟು ಹೋದರೆ ಆ ಸಾಲು ಯಾಕದಾವಂತ ಯಾರು ಹೇಳಬೇಕು ತಮ್ಮಾ?” ಎಂದು ಕೇಳಿದೆವು.

ಅವನು ಉತ್ತರ ಕೊಡಲಿಲ್ಲ. ಕೂಸು ಅಂಬೆಗಾಲಿಕ್ಕಿ ಬಂದು ಅವನ ಗಣಕಯಂತ್ರದ ತಂತಿಯನ್ನು ಎಳೆಯುತ್ತಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಎರಡು ಸಾಲುಗಳ ಮೇಲೆ ಕಾರಣವನ್ನು ಬರೆಯತೊಡಗಿದನು. ಬರೆದು ಮುಗಿಸಿ ನಮಗೆ ಓದಿ ಹೇಳಿದನು. ಒಂದು ಕಡೆ ನಮಗೆ ಅರ್ಥವಾಗಲಿಲ್ಲವೆಂದೆವು; ತಿದ್ದಿದನು.