ಪ್ರಾಗ್ ನಗರದಲ್ಲಿ ಒಂದು ಹಗಲು

ಜೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರವು ವ್ಲ್ಟಾವಾ ನದಿಯ ಎರಡೂ ದಡಗಳಲ್ಲಿ ಹಬ್ಬಿಕೊಂಡಿದೆ. ಪಡುವಣ ದಡದ ಗುಡ್ಡದ ಮೇಲೆ ಕೋಟೆ, ಅರಮನೆ, ಪ್ರಧಾನ ಇಗರ್ಜಿ; ಮೂಡಣ ದಡದ ಸಮತಟ್ಟಿನಲ್ಲಿ ಹಳೆಯ ಪೇಟೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಅನೇಕ ನಗರಗಳು ನೆಲಸಮವಾದರೂ ಪ್ರಾಗ್ ಬಹುಮಟ್ಟಿಗೆ ಉಳಿದುಕೊಂಡಿತು. ಆದುದರಿಂದ ಇಲ್ಲಿ ಆರುನೂರು ವರ್ಷಗಳ ಹಿಂದಿನ ಬೀದಿಗಳಲ್ಲಿಯೇ ಇಂದಿಗೂ ಜನ ನಡೆದಾಡುತ್ತಾರೆ. ನಾವು ಟ್ರಾಮಿನಲ್ಲಿ ಗುಡ್ಡವನ್ನು ಏರಿ, ಅಲ್ಲಿಂದ ಕೆಳಕ್ಕೆ ನಡೆಯುತ್ತ ಬಂದೆವು. ಅರವತ್ತು ದಾಟಿದ ಮೊಣಕಾಲುಗಳಿಗೆ ಇದೇ ಹಿತವಾದ ದಾರಿ.

ಗುಡ್ಡದ ಮೇಲೆ ಮೊದಲು ಸಿಗುವುದು 1143ರಲ್ಲಿ ಸ್ಥಾಪನೆಗೊಂಡ ಸ್ಟ್ರಾಹೋವ್ ಮಠ. ಮಠದ ಅನ್ನವುಂಡು ಓದಿದ ನಮ್ಮಂಥವರಿಗೆ ಇಲ್ಲಿಯ ಗ್ರಂಥಾಲಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಎರಡು ಭವ್ಯ ಸಭಾಂಗಣಗಳ ತುಂಬ ಹಳೆಯ ಹೊತ್ತಗೆಗಳು. ಸಾಮಾನ್ಯ ಪ್ರೇಕ್ಷಕರು ಬಾಗಿಲಲ್ಲಿಯೇ ನಿಂತು ನೋಡಬೇಕು. ಉಸಿರಿನ ತೇವದಿಂದ ಗ್ರಂಥಗಳಿಗೂ ಮೇಲ್ಛಾವಣಿಯ ಚಿತ್ರಗಳಿಗೂ ಹಾನಿಯಾಗುತ್ತದೆ. ಧರ್ಮಶಾಸ್ತ್ರದ ಸಭಾಂಗಣದಲ್ಲಿ 1678ರಲ್ಲಿ ಮಾಡಿದ ಮರದ ಚಕ್ರವೊಂದಿದೆ. ಅದರ ಹಲಗೆಗಳ ಮೇಲೆ ಹಲವು ಪುಸ್ತಕಗಳನ್ನು ತೆರೆದಿಟ್ಟು ತಿರುಗಿಸಿದರೆ, ಒಂದೂ ಕೆಳಗೆ ಬೀಳದೆ ಬೇಕಾದ ಪುಸ್ತಕ ಕುಳಿತವನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಪಾಠಾಂತರಗಳನ್ನು ಹೋಲಿಸಲು ನೆಲದ ತುಂಬ ಓಲೆಗರಿಗಳನ್ನು ಹರಡಿಕೊಂಡು ಕುಳಿತ ನಮ್ಮ ದಿನಗಳು ನೆನಪಾಗಿ, ಆ ಚಕ್ರದ ಮೇಲೆ ಸ್ವಲ್ಪ ಅಸೂಯೆಯೇ ಉಂಟಾಯಿತು. 1950ರಲ್ಲಿ ಕಮ್ಯುನಿಸ್ಟ್ ಸರ್ಕಾರವು ಈ ಮಠವನ್ನು ಮುಚ್ಚಿಸಿ ಸಾಧುಗಳನ್ನು ಹೊರಗಟ್ಟಿತು. 1989ರ ಕ್ರಾಂತಿಯ ನಂತರ ಅವರು ಮರಳಿ ಬಂದರು.

ಕೋಟೆಯೊಳಗಿನ ಸಂತ ವೀಟುಸರ ಇಗರ್ಜಿಯ ಕಟ್ಟಡವು 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ಣಗೊಂಡಿತು. ಬಣ್ಣದ ಗಾಜಿನ ಕಿಟಕಿಗಳು ಅಂದವಾಗಿವೆ, ಆದರೆ ನೂಕುನುಗ್ಗಲಿನಲ್ಲಿ ನಿಂತು ನೋಡುವುದು ಕಷ್ಟ. ಅಲ್ಲಿಂದ ಇಳಿಜಾರಿನ ಕಲ್ಲುಹಾಸಿನ ಬೀದಿಯಲ್ಲಿ ಬಂದರೆ ಚಾರ್ಲ್ಸ್ ಸೇತುವೆ. 1357ರಲ್ಲಿ ಕೆಲಸ ಆರಂಭವಾದ ಇದರ ಉದ್ದ 516 ಮೀಟರ್, ಕಮಾನುಗಳು 16. ಗಾರೆಗೆ ಕಲಸಲು ಊರೂರುಗಳಿಂದ ಮೊಟ್ಟೆ ತರಿಸಿದರೆಂದೂ, ಒಂದೂರಿನವರು ದಾರಿಯಲ್ಲಿ ಒಡೆಯದಿರಲೆಂದು ಅವನ್ನು ಬೇಯಿಸಿಯೇ ಕಳುಹಿಸಿದರೆಂದೂ ಐತಿಹ್ಯವಿದೆ.

ಸೇತುವೆ ಮುಗಿಯುವಲ್ಲಿ ಎತ್ತರವಾದ ಕಲ್ಲಿನ ಗೋಪುರ. ಅದರ ಶಿಲ್ಪಗಳನ್ನು ಎಲ್ಲರೂ ಹೊಗಳುತ್ತಾರೆ. 1621ರಿಂದ ಹತ್ತು ವರ್ಷಗಳ ಕಾಲ ಇದೇ ಗೋಪುರದ ಮೇಲೆ ಹನ್ನೆರಡು ತಲೆಗಳನ್ನು ತೂಗುಹಾಕಿದ್ದರು. ಆ ತಲೆಗಳು ಯಾರವೆಂಬುದನ್ನು ಅರಿಯಲು ಮೊದಲು ಸಮೀಪದ ಬೆತ್ಲೆಹೆಮ್ ಪ್ರಾರ್ಥನಾಮಂದಿರಕ್ಕೆ ಹೋಗಬೇಕು.

ಈ ಮಂದಿರವು ಹೊರಗಿನಿಂದ ಧಾನ್ಯದ ಉಗ್ರಾಣದಂತೆ ಕಾಣುತ್ತದೆ. 1391ರಲ್ಲಿ, ಜನರಾಡುವ ಜೆಕ್ ಭಾಷೆಯಲ್ಲಿ ಉಪದೇಶ ನಡೆಯಬೇಕೆಂಬ ಒಂದೇ ಉದ್ದೇಶದಿಂದ ಇದು ಸ್ಥಾಪನೆಯಾಯಿತು. ಅಂದಿನ ಪೂಜೆ, ಪಾಂಡಿತ್ಯವೆಲ್ಲ ಲ್ಯಾಟಿನ್ನಿನಲ್ಲಿ. 1402ರಿಂದ ಯಾನ್ ಹುಸ್ ಎಂಬ ವಿದ್ವಾಂಸರು ಇಲ್ಲಿ ಮಾತನಾಡತೊಡಗಿದಾಗ ಮೂರು ಸಾವಿರ ಜನ ಸೇರುತ್ತಿದ್ದರಂತೆ. ಜೆಕ್ ಅಕ್ಷರಗಳ ಮೇಲೆ ಚಿಹ್ನೆಯಿಟ್ಟು ಉಚ್ಚಾರಣೆಯನ್ನು ಸೂಚಿಸುವ ಕ್ರಮವೂ ಅವರದೆಂದು ಪ್ರತೀತಿ. ಗೋಡೆಗಳ ಮೇಲೆಯೇ ಬೋಧವಾಕ್ಯಗಳನ್ನು ಬರೆಯಿಸಿದರು. ಧರ್ಮವನ್ನು ದೇಶಭಾಷೆಯಲ್ಲಿ ನುಡಿಯುವುದು ಎಂತಹ ಕಾರ್ಯವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಹುಸ್ ಅವರು ಹಣಕ್ಕೆ ಪಾಪಕ್ಷಮೆ ಮಾರುವುದನ್ನು ಖಂಡಿಸಿದರು. ರಾಜರಕ್ಷಣೆಯ ಭರವಸೆಯನ್ನು ನಂಬಿ ಕಾನ್‌ಸ್ಟಾನ್ಸ್ ನಗರದ ಧರ್ಮಸಭೆಗೆ ಹೋದ ಅವರನ್ನು 1415ರ ಜುಲೈ 6ರಂದು ಜೀವಂತ ಸುಟ್ಟು, ಬೂದಿಯನ್ನು ರೈನ್ ನದಿಗೆ ಸುರಿದರು. 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಆ ಕ್ರೂರ ಮರಣಕ್ಕಾಗಿ ವಿಷಾದ ವ್ಯಕ್ತಪಡಿಸಿದರು.

ಮಂದಿರವನ್ನು 1786ರಲ್ಲಿ ಕೆಡವಲಾಯಿತು. ಹಳೆಯ ಗೋಡೆಗಳ ಭಾಗಗಳು ಮಾತ್ರ ನೆರೆಮನೆಗಳಲ್ಲಿ ಸೇರಿಕೊಂಡು ಉಳಿದಿದ್ದವು. 1950ರ ದಶಕದಲ್ಲಿ ಅವುಗಳನ್ನೇ ಆಧಾರವಾಗಿಟ್ಟುಕೊಂಡು ಮತ್ತೆ ಕಟ್ಟಿದರು. ಕಟ್ಟಿಸಿದುದು ಮಠಗಳನ್ನು ಮುಚ್ಚಿಸಿದ ಅದೇ ಸರ್ಕಾರ! ಹುಸ್ ಅವರಲ್ಲಿ ಅದು ಕಂಡದ್ದು ಬಂಡಾಯಗಾರನನ್ನು. ಹಳೆಯ ಗೋಡೆಯ ಮೇಲೆ ಅಂದಿನ ಬರಹದ ತುಣುಕುಗಳು ಇಂದಿಗೂ ಕಾಣುತ್ತವೆ.

ಹುಸ್ ಅವರ ಹಾದಿ ಹಿಡಿದವರ ವಂಶಜರು ಇನ್ನೂರು ವರ್ಷ ತಮ್ಮ ನಂಬಿಕೆಯನ್ನು ಕಾಪಾಡಿಕೊಂಡರು. 1620ರಲ್ಲಿ ಶ್ವೇತಪರ್ವತದ ಕದನದಲ್ಲಿ ಚಕ್ರವರ್ತಿಯ ಸೇನೆಗೆ ಸೋತರು. ಮರುವರ್ಷ ಜೂನ್ 21ರಂದು ಹಳೆಯ ಪೇಟೆಯ ಚೌಕದಲ್ಲಿ 27 ಮುಂದಾಳುಗಳನ್ನು ಕೊಲ್ಲಲಾಯಿತು. ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ವೈದ್ಯ ಯಾನ್ ಯೆಸೆನಿಯುಸ್ ಅವರ ನಾಲಗೆಯನ್ನು ಮೊದಲು ಕತ್ತರಿಸಿದರು. ಸೇತುವೆಯ ಗೋಪುರದ ಮೇಲೆ ತೂಗಿದ್ದು ಇವರಲ್ಲಿಯೇ ಹನ್ನೆರಡು ಜನರ ತಲೆಗಳು.

ಚೌಕದಲ್ಲಿ 1410ರ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆಯ ಹಗ್ಗವನ್ನೆಳೆಯುತ್ತದೆ, ಗೊಂಬೆಗಳು ಕಿಟಕಿಯಲ್ಲಿ ಸಾಲಾಗಿ ಹಾದುಹೋಗುತ್ತವೆ. ನೂರಾರು ಜನ ಕತ್ತೆತ್ತಿ ನೋಡಿ ಚದುರಿದರು. ಅದೇ ಪುರಭವನದ ಮಗ್ಗುಲಲ್ಲಿ, ನೆಲದ ಕಲ್ಲುಗಳ ನಡುವೆ 27 ಬಿಳಿಯ ಶಿಲುಬೆಗಳಿವೆ. ಜನ ಅವುಗಳನ್ನು ತುಳಿದುಕೊಂಡೇ ಹೋಗುತ್ತಿದ್ದರು. ನಾವು ಬದಿಗೆ ಸರಿದು ಎಣಿಸಿದೆವು.

ಚೌಕದಿಂದ ಸ್ವಲ್ಪ ದೂರದಲ್ಲಿ ಯಹೂದಿಗಳ ಹಳೆಯ ಕೇರಿ. ಅಲ್ಲಿಯ ಪಿಂಕಸ್ ಪ್ರಾರ್ಥನಾಲಯಕ್ಕೆ ಶನಿವಾರ ರಜೆ. ಗಂಡಸರು ತಲೆ ಮುಚ್ಚಿಕೊಂಡು ಹೋಗಬೇಕು. ನಮಗೆ ರುಮಾಲು ಇದ್ದುದರಿಂದ ಕಾಗದದ ಟೊಪ್ಪಿಗೆ ಬೇಕಾಗಲಿಲ್ಲ. ಒಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ. ನೆಲದಿಂದ ಮೇಲಿನವರೆಗೆ ಗೋಡೆಗಳ ತುಂಬ ಹೆಸರುಗಳು, ಹೆಸರುಗಳು. ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾ ಪ್ರಾಂತಗಳ ಸುಮಾರು 80,000 ಯಹೂದಿಗಳವು. ಮನೆತನದ ಹೆಸರು ಕೆಂಪಿನಲ್ಲಿ, ಅದರ ಮುಂದೆ ತಂದೆ, ತಾಯಿ, ಮಕ್ಕಳು, ಹುಟ್ಟಿದ ದಿನ, ಕೊನೆಯದಾಗಿ ಸುಳಿವು ಸಿಕ್ಕಿದ ದಿನ. ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ.

1950ರ ದಶಕದಲ್ಲಿ ಇಬ್ಬರು ಚಿತ್ರಕಾರರು ಕೈಯಿಂದ ಬರೆದ ಹೆಸರುಗಳಿವು. 1968ರಲ್ಲಿ ಗೋಡೆಗೆ ನೆಲದ ತೇವ ಏರಿತೆಂದು ಕಟ್ಟಡವನ್ನು ಮುಚ್ಚಿದರು. ದುರಸ್ತಿಯ ಹೆಸರಿನಲ್ಲಿ ಬರಹವೆಲ್ಲ ಅಳಿದುಹೋಯಿತು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ, 1992ರಿಂದ 1996ರವರೆಗೆ, ಎಲ್ಲ ಹೆಸರುಗಳನ್ನೂ ಮೊದಲಿನಿಂದ ಬರೆಯಲಾಯಿತು.

ಮೇಲಂತಸ್ತಿನಲ್ಲಿ ಟೆರೆಜಿನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಅಲ್ಲಿ ಸೆರೆಯಾಳಾಗಿದ್ದು, ಸಿಕ್ಕಿದ ಕಾಗದದ ಚೂರುಗಳ ಮೇಲೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳು. 1944ರ ಅಕ್ಟೋಬರಿನಲ್ಲಿ ಅವಳನ್ನು ಆಶ್‌ವಿಟ್ಜ್‌ಗೆ ಒಯ್ದು ಕೊಂದರು. ಹೊರಡುವ ಮುನ್ನ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಶಿಬಿರದಲ್ಲಿಯೇ ಉಳಿಸಿದ್ದಳು. ಮನೆ, ಮರ, ಹೂವು, ಚಿಟ್ಟೆ. ಬಹಳಷ್ಟು ಚಿತ್ರಗಳ ಮೂಲೆಯಲ್ಲಿ, ಬಿಡಿಸಿದ ಮಗು ತನ್ನ ಹೆಸರನ್ನು ತಾನೇ ಬರೆದುಕೊಂಡಿದೆ.